ಏಳು ತುಂಡು

ಜನವರಿ 12, ಭಾನುವಾರ. ಸಂಜೆ 4.10, ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣ

ತಿರುವನಂತಪುರದ ಬಸ್ಸು ಹತ್ತಿ ಕೂತೆ. ಇನ್ನೂ ಹೊರಟಿಲ್ಲ. ಜೇಬು ತಡಕಿದರೆ ಕನ್ನಡಕ ಇಲ್ಲ! ಕಲೂರಿನ ಮನೆಯಲ್ಲಿ, ಮಗಳು ಹಂಸಾಳ ಮೇಜಿನ ಮೇಲೇ ಉಳಿಯಿತು. ವಾಪಸ್ ಹೋದರೆ ಬಸ್ಸು ತಪ್ಪುತ್ತದೆ. ಓದಲಂತೂ ಆಗದು. ಬರೆಯುವುದು ಕೈಯ ರೂಢಿ... ದೊಡ್ಡ ಅಕ್ಷರದಲ್ಲಿ, ಅಂದಾಜಿನ ಮೇಲೆ.

ಇವತ್ತು ಮಗಳಿಗೆ ಪಾಠ. ಐದನೇ ಕ್ಲಾಸಿಗೆ ಇಷ್ಟು ಭಯಪಡುತ್ತಾಳಲ್ಲ. ಮಿಶ್ರ ಭಿನ್ನರಾಶಿಯನ್ನು ವಿಷಮ ಭಿನ್ನರಾಶಿ ಮಾಡುವುದು. ಅವಳ ಬಾಯಲ್ಲಿ 'ಇಂಪ್ರಾಪರ್'. ಪಾಪ, ಅದೇನು ತಪ್ಪು ಮಾಡಿತೋ ಅಂದೆ. ನಗಲಿಲ್ಲ.

ಪುಸ್ತಕ ಮುಚ್ಚಿಸಿ ನನ್ನ ಮಾತ್ರೆ ಸುರಿದೆ. ಡಾಕ್ಟರು ಬರೆದದ್ದು ದಿನಕ್ಕೆ ಒಂದೂ ಮುಕ್ಕಾಲು. ನನಗೆ ಈ ಒಂದೂ ಮುಕ್ಕಾಲು ಆಗಿಬರುವುದಿಲ್ಲ. ಹಿಂದೊಮ್ಮೆ ಒಂದು ನುಂಗಿ ಮುಕ್ಕಾಲು ಮರೆತಿದ್ದೆ. ಅಂದಿನಿಂದ ಎಲ್ಲ ಮಾತ್ರೆಯನ್ನೂ ಕಾಲು ಕಾಲು ಕತ್ತರಿಸಿ ಡಬ್ಬಿಗೆ ತುಂಬುವುದು. ದಿನಕ್ಕೊಂದು ಖಾನೆ, ಖಾನೆಗೆ ಏಳು ತುಂಡು. ಒಂದನ್ನು ನಾಲ್ಕರಿಂದ ಗುಣಿಸು, ಮೂರು ಕೂಡಿಸು — ಏಳು. "ಕೆಳಗಿನ ನಾಲ್ಕು ಬದಲಾಗಲ್ಲ ಪುಟ್ಟಿ, ಅದನ್ನ ಮರೆತುಬಿಡು. ಮೇಲಿನದನ್ನ ಎಣಿಸು ಸಾಕು." ಮುಖ ಅರಳಿತು. "ಮನಸ್ಸಿಲಾಯಿ ಅಪ್ಪಾ, ಅರ್ಥ ಆಯ್ತು! ನಾನೇ ಫಿಲ್ ಮಾಡ್ತೀನಿ."

ಅಷ್ಟರಲ್ಲಿ ಆಫೀಸಿನ ಫೋನು. ಮುಕ್ಕಾಲು ಗಂಟೆ ಬಾಲ್ಕನಿಯಲ್ಲೇ. ಮಗು ಕೈಗೆ ಬ್ಲೇಡು ಕೊಡಬೇಡಿ ಅಂತ ಹೆಂಡತಿ ನಿರ್ಮಲ ಹೊಸ ಕಟರ್ ತಂದಿದ್ದಾಳೆ. ಮುಚ್ಚಳ ಒತ್ತಿದರೆ ಮಾತ್ರೆ ಎರಡು ಹೋಳು. ಒಳಗೆ ಬಂದಾಗ ಹಂಸಾ ಎರಡು ವಾರದ ಡಬ್ಬಿ ತುಂಬಿ ಇಟ್ಟಿದ್ದಳು. ಒಂದೆರಡು ಖಾನೆ ಬೆರಳಾಡಿಸಿ ಎಣಿಸಿದೆ. ಏಳು, ಏಳು. ಬೆನ್ನು ತಟ್ಟಿದೆ. ಎಷ್ಟು ಹೆಮ್ಮೆ ಅವಳಿಗೆ. ನನಗೂ.

ಜನವರಿ 13, ಸೋಮವಾರ. ಸಂಜೆ 6

ಕ್ವಾರ್ಟರ್ಸ್. ಅಲಾರಂ, ಮಾತ್ರೆ, ಒಂದು ಲೋಟ ನೀರು. ಸೋಮವಾರದ ಖಾನೆ ಅಂಗೈಗೆ, ಅಂಗೈಯಿಂದ ಬಾಯಿಗೆ. ಒಂಬತ್ತು ವರ್ಷದ ಅಭ್ಯಾಸ. ಎದೆಯಲ್ಲಿ ಲೋಹದ ವಾಲ್ವ್ ಕೂತಾಗಿನಿಂದ. ರಕ್ತ ತೆಳುವಾಗಿಯೇ ಇರಬೇಕು. ಮಾತ್ರೆ ಕಡಿಮೆಯಾದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಗಾಯವಾದಾಗ ನಿಲ್ಲುವುದಿಲ್ಲ. ಅದಕ್ಕೇ ಇಷ್ಟು ಕಟ್ಟುನಿಟ್ಟು.

ಗಂಟಲಲ್ಲಿ ಸ್ವಲ್ಪ ತಡೆದಂತಾಯಿತು ಇವತ್ತು. ಹೊಸ ಬ್ಯಾಚ್ ದಪ್ಪ ಇರಬೇಕು.

ಜನವರಿ 15, ಬುಧವಾರ

ಇಂಜಿನ್ ಟೆಸ್ಟ್ ಮುಂದಕ್ಕೆ ಹೋಯಿತು. 22ಕ್ಕೆ. ಎಲ್ಲರೂ ಎಲ್ಲರ ಮೇಲೂ ಸಿಡುಕು. 17ಕ್ಕೆ ತಿಂಗಳ ರಕ್ತಪರೀಕ್ಷೆ ಇದೆ, ಅದನ್ನೂ ಟೆಸ್ಟ್ ಮುಗಿದ ಮೇಲೆ ನೋಡೋಣ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಆಚೀಚೆ ಆಗಿಲ್ಲ. ಒಂದು ವಾರಕ್ಕೆ ಏನಾಗುತ್ತದೆ.

ಜನವರಿ 18, ಶನಿವಾರ. ಬೆಳಿಗ್ಗೆ

ಈ ವಾರ ಕೊಚ್ಚಿಗೆ ಹೋಗಲಿಲ್ಲ. ಆಫೀಸಿಗೆ ಹೊರಡಬೇಕು.

ಹಲ್ಲುಜ್ಜುವಾಗ ಬೇಸಿನ್ನಿನಲ್ಲಿ ಕೆಂಪು. ಹೊಸ ಬ್ರಶ್ ಗಡಸು. ಬದಲಾಯಿಸಬೇಕು.

ಜನವರಿ 19, ಭಾನುವಾರ. ಮಧ್ಯಾಹ್ನ

ನಿರ್ಮಲಳ ಫೋನು. "ಏನ್ರೀ, ಹೋದ್ವಾರ ಐವತ್ತು ಮಾತ್ರೆ ತಂದಿದ್ರಲ್ಲ, ಇಲ್ಲಿ ಒಂದೇ ಒಂದು ಉಳಿದಿದೆ. ಇಷ್ಟು ಬೇಗ ಹೇಗ್ರೀ ಮುಗಿಯುತ್ತೆ?" ಎಲ್ಲೋ ಇಟ್ಟು ಎಲ್ಲೋ ಹುಡುಕುತ್ತೀಯ ಅಂದೆ. ಇವಳ ಹುಡುಕಾಟ ಯಾವಾಗಲೂ ಹೀಗೆ. "ಸರಿ, ನಂದೇ ತಪ್ಪು ಬಿಡಿ" ಅಂತ ಮಗಳ ಕೈಗೆ ಕೊಟ್ಟಳು.

ಹಂಸಾ ಹತ್ತು ಲೆಕ್ಕ ಒಪ್ಪಿಸಿದಳು. ಹತ್ತೂ ಸರಿ. ಆದರೂ ಫೋನು ಇಡಲಿಲ್ಲ.

"ಅಪ್ಪಾ, ಸೆವೆನ್ ಬೈ ಟೂ ಎಷ್ಟು?"

"ಮೂರೂವರೆ. ಗೊತ್ತಿಲ್ವಾ?"

"ಗೊತ್ತು. ಸೆವೆನ್ ಬೈ ಫೋರ್‌ಗಿಂತ ಡಬಲ್, ಅಲ್ವಾ?"

"ಹೌದಮ್ಮ. ಮುಂದಿನ ಪಾಠ ಓದು, ಹಿಂದಿನದನ್ನೇ ಜಗಿಯಬೇಡ."

"ಅಪ್ಪಾ, ಆ ಡಬ್ಬಿ..." ಅಂದಳು. ಆಫೀಸಿನ ಕರೆ ಬರುತ್ತಿತ್ತು. ನಾಳೆ ಹೇಳು ಪುಟ್ಟಿ ಅಂತ ಇಟ್ಟೆ.

ಜನವರಿ 21, ಮಂಗಳವಾರ

ನಿನ್ನೆ ಹಂಸಾಗೆ ಫೋನು ಮಾಡಲಾಗಲಿಲ್ಲ.

ಕಾಫಿ ಕೊಡುವಾಗ ಅಡುಗೆಯ ಕಮಲ ಚೇಚಿ ನಿಂತಲ್ಲೇ ನಿಂತರು. "ಸಾರೇ, ಇದೆಂತಾ ಕೈಯಿಲ್?" ತೋಳಿನ ಮೇಲೆ ಅಂಗೈಯಗಲ ನೀಲಿ. ಎಲ್ಲಿ ತಾಗಿತೋ ನೆನಪಿಲ್ಲ. ಟೆಸ್ಟ್ ಸ್ಟ್ಯಾಂಡಿನ ಕಬ್ಬಿಣಕ್ಕೆ ಇರಬೇಕು. ತೊಡೆಯ ಮೇಲೂ ಒಂದಿದೆ. ಅದು ಅವರಿಗೆ ಕಾಣಿಸಲಿಲ್ಲ, ಸದ್ಯ.

ಮೂಗಿನಿಂದ ಎರಡು ಹನಿ. ಎಸಿಯ ಒಣಗಾಳಿ.

ಭಯ ಅಂತಲ್ಲ. ಟೆಸ್ಟ್ ಮುಗಿಯಲಿ, ಶುಕ್ರವಾರ ಲ್ಯಾಬಿಗೆ ಹೋಗುತ್ತೇನೆ.

ಜನವರಿ 23, ಗುರುವಾರ. ಸಂಜೆ 5.40

ನಿನ್ನೆ ಟೆಸ್ಟ್ ಸರಿಹೋಯಿತು. ಎಲ್ಲರೂ ಕೇಕು ತಿಂದರು. ನಾನು ರಜೆ ಹಾಕಿ ಮಲಗಿದ್ದೇನೆ. ಬೆಳಿಗ್ಗೆಯಿಂದ ತಲೆ ಒಡೆಯುತ್ತಿದೆ.

ಕೊಚ್ಚಿಗೆ ಹೋಗಿದ್ದ ಕಿಶೋರ್ ಬಂದ. ನಮ್ಮ ಸೆಕ್ಷನ್ನಿನವನು, ಕಾಸರಗೋಡಿನ ಹುಡುಗ. ನಿರ್ಮಲ ಅವನ ಕೈಲಿ ಕನ್ನಡಕ ಕಳಿಸಿದ್ದಾಳೆ. "ಎಂತ ಸಾರ್, ಕಣ್ಣೆಲ್ಲ ರಕ್ತ ಇಳಿದ ಹಾಗೆ ಉಂಟು? ಡಾಕ್ಟ್ರಿಗೆ ತೋರಿಸಿದ್ರಾ?" ನಿದ್ದೆ ಇಲ್ಲ ಕಣಯ್ಯ ಅಂತ ಸಾಗಹಾಕಿದೆ.

ಕನ್ನಡಕ ಹಾಕಿಕೊಂಡು ಈ ಪುಸ್ತಕ ತಿರುವಿದೆ. ಹನ್ನೊಂದು ದಿನದ ಅಕ್ಷರ, ಕೋಳಿ ಕೆದರಿದ ಹಾಗಿದೆ. ಇನ್ನು ಮಾತ್ರೆ...

6.05

ಅರ್ಧಚಂದ್ರ.

ಗುರುವಾರದ ಖಾನೆಯಲ್ಲಿ ಏಳು ಅರ್ಧಚಂದ್ರ. ಶುಕ್ರವಾರ ಏಳು. ಶನಿವಾರ, ಭಾನುವಾರ. ಒಂದೂ ಕಾಲು ತುಂಡಿಲ್ಲ. ಎಲ್ಲ ಅರ್ಧ.

ಅಂದರೆ ದಿನಕ್ಕೆ ಒಂದೂ ಮುಕ್ಕಾಲು ಅಲ್ಲ. ಮೂರೂವರೆ. ಹತ್ತು ದಿನಕ್ಕೆ ಮೂವತ್ತೈದು ಮಾತ್ರೆ. ಹದಿನೇಳೂವರೆ ಆಗಬೇಕಿತ್ತು.

ನಿರ್ಮಲ ಸರಿಯಾಗಿ ಹೇಳಿದ್ದಳು. ಹದಿನಾಲ್ಕು ದಿನ, ತೊಂಬತ್ತೆಂಟು ತುಂಡು. ಕಾಲು ಮಾಡಿದ್ದರೆ ಇಪ್ಪತ್ತನಾಲ್ಕೂವರೆ ಮಾತ್ರೆ. ಅರ್ಧಕ್ಕೆ ನಲವತ್ತೊಂಬತ್ತು. ಐವತ್ತರಲ್ಲಿ ಒಂದೇ ಉಳಿಯುತ್ತದೆ. ಬಾಯಿಲೆಕ್ಕ. ಮಾಡಲಿಲ್ಲ ನಾನು.

ಕಟರ್ ಇನ್ನೊಮ್ಮೆ ಒತ್ತಬೇಕು ಅಂತ ಮಗುವಿಗೆ ಹೇಳಿರಲಿಲ್ಲ. ಹೇಳಿದ್ದು ಒಂದೇ — ಕೆಳಗಿನದನ್ನ ಮರೆತುಬಿಡು.

ಭಾನುವಾರ ಕೇಳಿದಳಲ್ಲ! ಡಬಲ್ ಅಲ್ವಾ ಅಂತ. ನಾಲ್ಕು ದಿನದಿಂದ ಆ ಪುಟ್ಟ ಹೊಟ್ಟೆಯಲ್ಲಿ ಇದನ್ನಿಟ್ಟುಕೊಂಡು ಸ್ಕೂಲಿಗೆ ಹೋಗುತ್ತಿದ್ದಾಳೆ. ನಾಚಿಕೆಯಾಗುತ್ತಿದೆ ನನಗೆ.

ಕಿಶೋರ್‌ಗೆ ಫೋನು ಮಾಡಿದೆ. ಆಸ್ಪತ್ರೆಗೆ ಹೋಗಬೇಕು, ಬಾ. "ಹತ್ತು ನಿಮಿಷ ಸಾರ್, ಕಾರು ತಿರುಗಿಸಿದೆ. ಅಲ್ಲೇ ಕೂತ್ಕೊಳ್ಳಿ, ಎಂತದೂ ಮಾಡ್ಬೇಡಿ."

6.12

ಡಬ್ಬಿ ಹೀಗೇ ಇರಬಾರದು. ಆಸ್ಪತ್ರೆಯ ಸುದ್ದಿ ಕೇಳಿದರೆ ನಿರ್ಮಲ ನಾಳೆ ಹಂಸಾಳನ್ನು ಕರೆದುಕೊಂಡೇ ಬರುತ್ತಾಳೆ. ಮಗು ಮೊದಲು ನೋಡುವುದು ಡಬ್ಬಿಯನ್ನೇ.

ಡಾಕ್ಟರಿಗೆ ನಿಜ ಹೇಳುತ್ತೇನೆ. ಮನೆಯವರಿಗೆ — ಮರೆತು ದಿನಕ್ಕೆ ಎರಡು ಸಲ ನುಂಗಿದೆ ಅಂತ. ಎರಡು ಸಲ, ಎರಡರಷ್ಟು. ಲೆಕ್ಕ ಕೂಡುತ್ತದೆ. ಆ ಒಂದೇ ಉಳಿದ ಮಾತ್ರೆಗೆ ಏನು ಹೇಳುವುದೋ... ಯೋಚಿಸಬೇಕು.

ಹಳೇ ಬ್ಲೇಡು ಸಿಕ್ಕಿತು. ಒಂದೊಂದು ಅರ್ಧವನ್ನೂ ಎರಡು ಮಾಡಿ, ಖಾನೆಗೆ ಏಳು ಬಿಟ್ಟು, ಉಳಿದದ್ದು ಫ್ಲಶ್. ನೋಡಿದರೆ ಎಲ್ಲ ಕಾಲು ತುಂಡೇ. 'ನಾನು ಸರಿಯಾಗೇ ಕತ್ತರಿಸಿದ್ದೆ' ಅಂದುಕೊಳ್ಳುತ್ತಾಳೆ ಹಂಸಾ. ನಾಲ್ಕು ಖಾನೆ ತಾನೆ.

6.20

ಎರಡು ಖಾನೆ ಆಯಿತು. ಬ್ಲೇಡು ಜಾರಿತು. ಹೆಬ್ಬೆರಳು. ಸಣ್ಣ ಗೀರು, ನೋವೂ ಇಲ್ಲ. ಟವೆಲ್ ಸುತ್ತಿದ್ದೇನೆ.

ಎರಡನೇ ಟವೆಲ್.

ಈ ಪುಟ ಹರಿಯಬೇಕು. ಒಂದು ಕೈಯಲ್ಲಿ ಆಗುತ್ತಿಲ್ಲ. ಇರಲಿ, ಹಂಸಾಗೆ ಕನ್ನಡ ಓದಲು ಬರುವುದಿಲ್ಲ. ಕಲಿಸಲಿಲ್ಲ ಅಂತ ಎಷ್ಟು ಬೈಸಿಕೊಂಡಿದ್ದೇನೆ, ಈಗ ಒಳ್ಳೆಯದೇ ಆಯಿತು.

ನಿರ್ಮಲಗೆ ಬರುತ್ತದೆ.

ನಿರ್ಮಲ, ನೀನು ಓದುತ್ತಿದ್ದರೆ — ಮಿಕ್ಕ ಎರಡು ಖಾನೆ ನೀನೇ ಕತ್ತರಿಸು. ಮಗು ಏಳನ್ನು ಸರಿಯಾಗಿಯೇ ಎಣಿಸಿದ್ದಾಳೆ. ಮರೆತುಬಿಡು ಅಂದವನು ನಾನು. ಕೆಳಗೆ ಕಾರಿನ ಸದ್ದು. ಬಾಗಿಲ ಚಿಲಕ ಹಾಕಿದೆ, ತೆಗೆಯಬೇಕು. ಎದ್ದರೆ ಕೋಣೆ ತಿರುಗು... ಹಂಸಾಗೆ ಮಾತ್ರ ಹೇಳ