ಹನ್ನೆರಡು ದಿನಕ್ಕೆ ಬಂದ ಚಿಪ್

ರಾಮನಗರ
14 ಜೂನ್ 2025

ನನ್ನ ಲತಾ,

ನಾಲ್ಕು ವರ್ಷದಿಂದ ಒಂದು ಮೆಸೇಜ್ ಕೂಡ ಹಾಕದವಳು ಈಗ ಕಾಗದ ಬರೆದಿದ್ದಾಳಲ್ಲ, ಏನು ಬಂತು ಇವಳಿಗೆ ಅಂದುಕೊಳ್ಳುತ್ತೀಯ. ಫೋನಿನಲ್ಲಾದರೆ ನಿನ್ನ ದನಿ ಕೇಳಿದ ಕೂಡಲೇ ಮಾತು ತಿರುಗಿಸಿಬಿಡುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತು. ತಿಪ್ಪಸಂದ್ರದಲ್ಲಿ ನಿಮ್ಮವ್ವ ಚೆನ್ನಾಗಿದ್ದಾರಾ? ಅವರು ಹುಚ್ಚೆಳ್ಳು ಪುಡಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ.

ಗುರುವಾರ ಆಫೀಸಿಗೆ ಒಂದು ಫೋನ್ ಬಂತು. ಹೊಸದಾಗಿ ಚಿಪ್ ಕಾರ್ಖಾನೆ ಶುರು ಮಾಡುತ್ತಿರುವವರು. ಬಂದ ಮಾಲನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ನೀನು ಅರ್ಜಿ ಹಾಕಿದ್ದೀಯಂತೆ. ನೀನು ಅವರಿಗೆ ಹಿಡಿಸಿದ್ದೀಯ, ಹಳೆಯ ಕಂಪನಿ ಬಿಟ್ಟದ್ದು ಯಾಕೆ ಅನ್ನುವುದೊಂದೇ ತಿಳಿಯಬೇಕಿತ್ತಂತೆ. ಫೈಲ್ ನೋಡಿ ಸೋಮವಾರ ಹೇಳುತ್ತೇನೆ ಅಂದೆ. ಯಾವ ಫೈಲ್, ಲತಾ? ಅದರಲ್ಲಿ ಇರುವುದೆಲ್ಲ ನನ್ನ ಕೈಬರಹವೇ.

2021 ನೆನಪಿದೆಯಲ್ಲ. ಹಾರೋಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ, ರೇಷ್ಮೆ ಹುಳು ಮನೆಯ ಶಾಖ ಹದದಲ್ಲಿಡುವ ಪೆಟ್ಟಿಗೆ ಮಾಡುತ್ತಿದ್ದೆವು. ಅದರೊಳಗಿನ ಉಗುರಗಲದ ಚಿಪ್ ತೈವಾನಿನಲ್ಲಿ ತಯಾರಾಗಿ, ಮಲೇಷ್ಯಾದಲ್ಲಿ ಕವಚ ತೊಟ್ಟು, ಸಿಂಗಪುರದ ಗೋದಾಮು ಹಾದು ಬೆಂಗಳೂರಿಗೆ ಬರುತ್ತಿತ್ತು. ಕೊರೊನಾ ಬಂದು ಆ ದಾರಿ ಕಟ್ಟಿತು. ದೇಶಕ್ಕೆ ದೇಶವೇ ಹೊರಗಿನವರ ಕೈ ನೋಡಿಕೊಂಡು ಕೂತಿತು. ನಮ್ಮ ಖಾಯಂ ಡೀಲರ್ ಐವತ್ತೆರಡು ವಾರ ಕಾಯಿರಿ ಅಂದ. ಕಾರು ಮಾಡುವವರಿಗೇ ಸಿಗದ್ದು ನಮಗೆಲ್ಲಿ ಸಿಗಬೇಕು? ಖರೀದಿ ವಿಭಾಗದಲ್ಲಿದ್ದ ನಾನು ಹುಡುಕಿ ಹುಡುಕಿ ಹಾಂಗ್‌ಕಾಂಗಿನ ಒಬ್ಬ ದಲ್ಲಾಳಿಯನ್ನು ಹಿಡಿದೆ. ಹನ್ನೆರಡೇ ದಿನಕ್ಕೆ ಮಾಲು ಬಂತು. ಮಾಲೀಕರಾದ ದೇವರಾಜು ಸಾರ್ ಎಲ್ಲರೆದುರು ನನ್ನನ್ನು ಹೊಗಳಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನೀನು.

ಪರೀಕ್ಷೆ ಮಾಡುವ ಕೆಲಸ ನಿನ್ನದು. ಗುಜರಿಯಿಂದ ಕಿತ್ತ ಹಳೆಯ ಚಿಪ್‌ಗಳ ಮೈ ಉಜ್ಜಿ, ಹೊಸ ಹೆಸರು ಅಚ್ಚು ಹಾಕಿ ಮಾರುವವರಿದ್ದಾರೆ, ಹತ್ತಿಯನ್ನು ಉಗುರುಬಣ್ಣ ಅಳಿಸುವ ಅಸಿಟೋನಿನಲ್ಲಿ ಅದ್ದಿ ಒರೆಸಿದರೆ ಸುಳ್ಳು ಹೆಸರು ಅಳಿಸಿಹೋಗುತ್ತದೆ ಅಂತ ನನಗೆ ಹೇಳಿಕೊಟ್ಟವಳೂ ನೀನೇ. ಆ ವಾರ ನಿಮ್ಮ ಮನೆಯ ಹುಳು ನಾಲ್ಕನೇ ಜ್ವರ ಎದ್ದಿದ್ದವು, ಕೊನೆಯ ಪೊರೆ ಕಳಚಿ ಗೂಡು ಕಟ್ಟುವ ಮುಂಚಿನ ಮೇವು ಮೇಯುವ ಹೊತ್ತು. ವಾಸನೆ ತಾಗಿದರೆ ಹುಳು ಸಾಯುತ್ತವೆ ಅಂತ ಹೂ ಮುಡಿದವರನ್ನು, ಪೌಡರ್ ಹಾಕಿದವರನ್ನು ಕೂಡ ನಿಮ್ಮವ್ವ ಹುಳು ಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಊರಿಗೆ ಹೊರಡುವ ಮುಂಚೆ ನೀನು ಹೇಳಿದ್ದು ನನಗೆ ಅಕ್ಷರಕ್ಷರ ನೆನಪಿದೆ.

"ಆ ಅಸಿಟೋನ್ ವಾಸ್ನೆ ಕೈಗೆ ಅಂಟ್ಕಂಡ್ರೆ ಅವ್ವ ಒಳಕ್ಕೆ ಸೇರ್ಸಾಕಿಲ್ಲ. ನೀನೇ ಒಸಿ ಒರೆಸಿ ನೋಡ್ಬುಡು, ಧನು. ಬಂದು ಸಹಿ ಹಾಕ್ತೀನಿ."

ನಾನು ಒರೆಸಲಿಲ್ಲ. ಕೆಲಸ ನಿಂತುಹೋಗಿತ್ತು, ಸಾರ್ ಎರಡು ಸಲ ಕೇಳಿ ಕಳಿಸಿದ್ದರು. ರಿಜಿಸ್ಟರಿನಲ್ಲಿ 'ಒರೆಸಿ ನೋಡಲಾಗಿದೆ, ಸರಿಯಿದೆ' ಅಂತ ಬರೆದು, ನಿನ್ನ ಸಹಿಯನ್ನೂ ನಾನೇ ಹಾಕಿದೆ. ಬರೀ ಅಸಡ್ಡೆ ಲತಾ, ಬೇರೇನಲ್ಲ.

ಎರಡು ತಿಂಗಳಿಗೆ ಕನಕಪುರ ಕಡೆಯ ಕಾವೇರಮ್ಮ ಒಂದು ಮೊರದ ತುಂಬ ಸತ್ತ ಹುಳು ತಂದು ಸಾರ್ ಮೇಜಿನ ಮೇಲಿಟ್ಟರು. ನಮ್ಮ ಪೆಟ್ಟಿಗೆ ಕೈಕೊಟ್ಟು, ಹೀಟರ್ ಆರದೆ, ರಾತ್ರಿ ಬೆಳಗಾಗುವುದರಲ್ಲಿ ಇಡೀ ಬೆಳೆ ಹೋಗಿತ್ತು. ಆ ಹೆಂಗಸು ಬೈಯಲಿಲ್ಲ. ಮೊರದ ಅಂಚು ಹಿಡಿದೇ ನಿಂತಿದ್ದರು. ಸಾರ್ ರಿಜಿಸ್ಟರ್ ತೆಗೆಸಿ ನಮ್ಮಿಬ್ಬರನ್ನೂ ಕರೆದರು. ಧನು ನೋಡಿದಳು ಸಾರ್, ಸಹಿ ನನ್ನದಲ್ಲ ಅಂತ ನೀನು ಹೇಳಬಹುದಿತ್ತು. ಹೇಳುತ್ತೀಯ ಅಂತಲೇ ಕಾದೆ.

"ನನ್ನ ಕೆಲ್ಸ ಸಾ ಅದು. ನಾನೇ ನೋಡ್ಬೇಕಾಗಿತ್ತು," ಅಂದೆ ನೀನು.

ಒಂದು ಸಲ ನನ್ನ ಕಡೆ ತಿರುಗಿದೆ. ನಾನು ಮೊರದೊಳಗಿನ ಹುಳುಗಳನ್ನು ನೋಡುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ನೀನು ಉಂಡೆ, ಆ ವಾರವೇ ಕೆಲಸ ಬಿಟ್ಟು ಊರಿಗೆ ಹೋದೆ. ಮರುವರ್ಷ ನನ್ನನ್ನು ಖರೀದಿ ಮ್ಯಾನೇಜರ್ ಮಾಡಿದರು.

ನಿನ್ನೆ ಸಾರ್ ಮುಂದೆ ನಿಂತು, ಸಹಿ ನಾನು ಹಾಕಿದ್ದು, ಪರೀಕ್ಷೆ ತಪ್ಪಿಸಿದ್ದೂ ನಾನೇ ಅಂತ ಬರೆದುಕೊಟ್ಟೆ. ಹಳೇ ಕತೆ ಯಾಕಮ್ಮ ಕೆದಕ್ತೀಯ ಅಂದರು. ಸೋಮವಾರ ಆ ಕಂಪನಿಯವರಿಗೂ ಇದನ್ನೇ ಹೇಳುತ್ತೇನೆ. ನಮ್ಮ ದೇಶದಲ್ಲೇ ಚಿಪ್ ಮಾಡುತ್ತಾರಂತೆ ಅಂತ ಟಿವಿಯಲ್ಲಿ ದಿನಾ ಹೇಳುತ್ತಾರೆ. ಮಾಡಲಿ. ಒರೆಸಿ ನೋಡಲು ನಿನ್ನಂಥವಳು ಅಲ್ಲಿರಲಿ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ನಾವಿಬ್ಬರೂ ಒಟ್ಟಿಗಿದ್ದ ಈ ರೂಮಿನಲ್ಲಿ ನಾಲ್ಕು ವರ್ಷದಿಂದ ನಿನ್ನ ಮಂಚ ಖಾಲಿ ಇದೆ. ಬೇರೆಯವರನ್ನು ಸೇರಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಒಂದೇ ತಟ್ಟೆಯಲ್ಲಿ ಉಂಡವಳು,
ಧನಲಕ್ಷ್ಮಿ

ತಾ.ಕ.: ಅಂಟಿಸಿದ್ದ ಕವರನ್ನು ಮತ್ತೆ ಹರಿದೆ. ಒರೆಸಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಸಾರ್‌ಗೆ ಬರೆದುಕೊಟ್ಟದ್ದೂ ಸುಳ್ಳು. ಮೂರು ಚಿಪ್ ಒರೆಸಿದ್ದೆ. ಮೂರರ ಅಕ್ಷರವೂ ಹತ್ತಿಗೆ ಬಂತು. ಅಷ್ಟು ಜನರೆದುರು ಹೊಗಳಿಸಿಕೊಂಡವಳು ಮೋಸಹೋದೆ ಅಂತ ಹೇಗೆ ಹೇಳಲಿ ಅನ್ನಿಸಿ, ಚಿಪ್ ಪಟ್ಟಿಯ ರೀಲನ್ನು ಮತ್ತೆ ಸುತ್ತಿಟ್ಟು ನಿನ್ನ ಸಹಿ ಹಾಕಿದೆ. ಸೋಮವಾರ ಹೇಳುವುದು ಇದನ್ನು. ಆ ಹತ್ತಿ ಇಷ್ಟು ವರ್ಷ ನಿಮ್ಮವ್ವನ ಡಬ್ಬಿಯಲ್ಲಿತ್ತು. ಡಬ್ಬಿಯ ಸಮೇತ ಕಳಿಸುತ್ತಿದ್ದೇನೆ, ಬೇಕಾದವರಿಗೆ ತೋರಿಸು. ವಾಸನೆ ಎಂದೋ ಹೋಗಿದೆ. ಆದರೂ ಹುಳು ಮನೆಯ ಹತ್ತಿರ ಮುಚ್ಚಳ ತೆಗೆಯಬೇಡ.