ಹಮೀದ್ ಕಾಕ ಗದ್ಯದಲ್ಲೇ ಮಾತಾಡುತ್ತಾರೆ

ಮಾನ್ಯ ಅಧ್ಯಕ್ಷರೇ,

ಈ ಪತ್ರವನ್ನು ಗದ್ಯದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಇತ್ತೀಚಿನ ಸುತ್ತೋಲೆಯ ಪ್ರಕಾರ ಇದೇ ನನ್ನ ಮೊದಲ ಅಪರಾಧ. ಎರಡನೆಯದು, ಬರುವ ಶುಕ್ರವಾರ ನಮ್ಮ ಸಂಘದಲ್ಲಿ ನಡೆಯಲಿರುವ ಶಾಹುಲ್ ಹಮೀದರ ಬೀಳ್ಕೊಡುಗೆಯ ಬಗ್ಗೆ ನಿಮ್ಮನ್ನು ಎಲ್ಲರೆದುರು ಪ್ರಶ್ನಿಸುತ್ತಿರುವುದು. ನಮ್ಮ ಮಕ್ಕಳನ್ನು ಈಸಾ ಟೌನಿನ ಶಾಲೆಗೆ ತನ್ನ ವ್ಯಾನಿನಲ್ಲಿ ಕರೆದೊಯ್ದು ಕರೆತಂದ ಮನುಷ್ಯ ವೀಸಾ ಕ್ಯಾನ್ಸಲ್ ಮಾಡಿಸಿ ಮರುದಿನವೇ ಊರಿಗೆ ಹೊರಡುತ್ತಿದ್ದಾರೆ. ಇನ್ನು ಬಹರೈನಿಗೆ ಬರುವುದಿಲ್ಲ. ಹೊರಡುವ ಮುಂಚೆ ಅವರಿಗೆ ವೇದಿಕೆಯಲ್ಲಿ ಐದು ನಿಮಿಷ ಮಾತಾಡಬೇಕಿದೆ. ಮಾತಾಡಲಿ, ಆದರೆ ನಿಮ್ಮ ಗಝಲಿಗೆ ಜವಾಬಾಗಿ, ನಿಮ್ಮದೇ ಪ್ರಾಸದಲ್ಲಿ, ಪ್ರತಿ ದ್ವಿಪದಿಯೂ ‘ನೀವೇ’ ಎಂದು ಮುಗಿಯುವಂತೆ ಮಾತಾಡಲಿ ಎಂದು ನೀವು ಅಪ್ಪಣೆ ಕೊಡಿಸಿದ್ದೀರಿ. ಇಲ್ಲವಾದರೆ ಮೈಕ್ ಇಲ್ಲ.

ಸಂಘದ ಹೊರಗಿನವರು ಓದಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಾರು. ಅವರಿಗಾಗಿ ಈ ಜ್ವರ ಹೇಗೆ ಹತ್ತಿತು ಎಂಬುದನ್ನು ಹೇಳಿಬಿಡುತ್ತೇನೆ.

ಈದ್ ರಜೆಯಲ್ಲಿ ನೀವು ಪ್ಯಾಕೇಜ್ ಟೂರ್ ಹಿಡಿದು ಉಜ್ಬೇಕಿಸ್ತಾನಕ್ಕೆ ಹೋದಿರಿ. ಎಲ್ಲರೂ ಹೋಗುತ್ತಾರೆ, ಒಣದ್ರಾಕ್ಷಿ ತರುತ್ತಾರೆ, ಮಿನಾರುಗಳ ಮುಂದೆ ತೆಗೆಸಿಕೊಂಡ ಫೋಟೋ ಸಂಘದ ಗ್ರೂಪಿಗೆ ಹಾಕುತ್ತಾರೆ. ನೀವು ಖೀವಾ ಎಂಬ ಹಳೆಯ ಕೋಟೆಪಟ್ಟಣಕ್ಕೂ ಹೋದಿರಿ. ಅಲ್ಲಿಯ ಗೈಡ್ ನಿಮಗೆ ಹತ್ತೊಂಬತ್ತನೆಯ ಶತಮಾನದ ಒಬ್ಬ ಖಾನನ ಕಥೆ ಹೇಳಿದ. ಆ ಖಾನ ರಾಜ್ಯವಾಳುತ್ತಲೇ ಗಝಲ್ ಬರೆದವನು, ಸಂಗೀತ ಬಲ್ಲವನು. ತಾನು ಬರೆದ ಗಝಲಿಗೆ ಆಸ್ಥಾನದ ಕವಿಗಳು ಅದೇ ಛಂದಸ್ಸಿನಲ್ಲಿ, ಅದೇ ಪ್ರಾಸದಲ್ಲಿ ಜವಾಬು ಗಝಲ್ ಬರೆಯುವಂತೆ ಮಾಡಿದ. ಅವನ್ನೆಲ್ಲ ಒಟ್ಟುಮಾಡಿ ಪುಸ್ತಕವನ್ನೂ ಮಾಡಿಸಿದ. ಬೇರೆ ಯಾರಾದರೂ ಆಗಿದ್ದರೆ ‘ಓಹೋ’ ಎಂದು ಮುಂದಿನ ಮಿನಾರಿಗೆ ಹೋಗುತ್ತಿದ್ದರು. ನಿಮಗೆ ಮಾತ್ರ ಒಂದು ದೊಡ್ಡ ಸತ್ಯ ಹೊಳೆಯಿತು: ಆಳುವವನೂ ಕವಿಯೂ ಒಬ್ಬನೇ ಆಗಿರಲು ಸಾಧ್ಯ, ಮತ್ತು ನಮ್ಮ ಸಂಘದಲ್ಲಿ ಆಳುವವರು ನೀವೇ ಇದ್ದೀರಿ.

ಮರಳಿ ಬರುವಾಗ ನಿಮ್ಮ ತಲೆಯ ಮೇಲೆ ಆ ಸೀಮೆಯ ಗಂಡಸರು ತೊಡುವ ದೊಡ್ಡ ಕುರಿಯುಣ್ಣೆಯ ಟೋಪಿ ಇತ್ತು. ಚಳಿದೇಶದ ಟೋಪಿಯನ್ನು ಆಗಸ್ಟಿನ ಬಹರೈನಿನಲ್ಲಿ ತೊಟ್ಟುಕೊಂಡು ಅಧ್ಯಕ್ಷತೆ ವಹಿಸುವುದು ಧೈರ್ಯದ ಕೆಲಸವೇ. ಆದರೆ ಆ ಟೋಪಿಯೊಳಗಿನ ತಲೆ ಬೇಯಬಾರದೆಂದು ಸಭಾಂಗಣದ ಏಸಿಯನ್ನು ಹದಿನಾರಕ್ಕೆ ಇಳಿಸಿದಿರಿ. ಪಕ್ಕದ ಕೋಣೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಸ್ವೆಟರ್ ಹಾಕಿಕೊಂಡು ‘ಅ, ಆ’ ಬರೆಯುತ್ತಿದ್ದಾರೆ. ಹೊರಗೆ ರಸ್ತೆಯಲ್ಲಿ ಟಾರು ಕರಗುತ್ತಿದೆ. ಒಬ್ಬ ಖಾನನಾಗಲು ಎಷ್ಟು ಮಕ್ಕಳಿಗೆ ನೆಗಡಿಯಾಗಬೇಕು ಸ್ವಾಮಿ?

ಆಮೇಲೆ ನಿಮ್ಮ ಮೊದಲ ಗಝಲ್ ಬಂತು. ‘ಮರಳಿನ ನಡುವಿನ ಖರ್ಜೂರವೂ ನಾನೇ, ಅದರೊಳಗಿನ ಬೀಜವೂ ನಾನೇ’ ಎಂದು ಆರಂಭಿಸಿ ಒಂಟೆ, ಬಿಸಿಲು, ಚಂದ್ರ, ಕೊನೆಗೆ ಸಮುದ್ರ ದಾಟಿ ಸೌದಿಗೆ ಹೋಗುವ ಕಾಸ್‌ವೇ ಸೇತುವೆಯನ್ನೂ ಬಿಡದೆ ಎಲ್ಲವೂ ತಾವೇ ಎಂದು ಸಾರಿದಿರಿ. ಕಾರ್ಯಕಾರಿ ಸಮಿತಿ ಜವಾಬು ಬರೆಯಬೇಕೆಂದು ತಾಕೀತು ಆಯಿತು. ನಮ್ಮ ಖಜಾಂಚಿ ಅಬ್ದುಲ್ ಹಕೀಂ ಬಡಪಾಯಿ, ನಿಯಮ ಎಂದರೆ ನಿಯಮ ಎನ್ನುವ ಮನುಷ್ಯ. ಅದೇ ಪ್ರಾಸ, ಅದೇ ಕೊನೆಯ ಪದ ಎಂದು ನೀವು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ ಎದ್ದುನಿಂತು ಓದಿದರು: ‘ಸಂಘದ ಬೀಗವೂ ನಾನೇ, ಬೀಗದ ಕೈಯೂ ನಾನೇ. ಅಧ್ಯಕ್ಷ ಯಾರೆಂದು ಕೇಳಿದರೆ ಅಧ್ಯಕ್ಷನೂ ನಾನೇ.’

ನೀವು ಟೋಪಿ ಸರಿಮಾಡಿಕೊಂಡಿರಿ.

“ಹಕೀಂ, ನೀವೆಂತ ಚುನಾವಣೆಗೆ ನಿಲ್ತೀರಾ?” ಎಂದು ಕೇಳಿದಿರಿ.

“ಇಲ್ಲ ಸರ್, ಪ್ರಾಸಕ್ಕೆ ನಿಂತದ್ದು.”

“ಪ್ರಾಸಕ್ಕಾದ್ರೂ ಒಂದು ಲಿಮಿಟ್ ಬೇಡ್ವಾ?”

“ನೀವೇ ಹೇಳಿದ್ದಲ್ವಾ ಸರ್, ಕೊನೆ ಪದ ಬದಲಿಸ್ಬಾರ್ದು ಅಂತ? ನಾನು ಬದಲಿಸ್ಲಿಲ್ಲ.”

ಮರುದಿನವೇ ಸುತ್ತೋಲೆ ಬಂತು. ಅಧ್ಯಕ್ಷರು ‘ನಾನೇ’ ಎನ್ನತಕ್ಕದ್ದು, ಸದಸ್ಯರು ‘ನೀವೇ’ ಎನ್ನತಕ್ಕದ್ದು. ರಕ್ತದಾನ ಶಿಬಿರದ ಪ್ರಕಟಣೆ, ಇಫ್ತಾರಿನ ಅಡುಗೆ ಸಮಿತಿಯ ವರದಿ, ಗೇಟಿನ ಬಳಿ ಅಡ್ಡ ನಿಲ್ಲಿಸಿದ ಕಾರಿನ ಬಗ್ಗೆ ದೂರು, ಎಲ್ಲವೂ ಇನ್ನು ಇದೇ ಧಾಟಿಯಲ್ಲಿ. ಮಹಿಳಾ ವಿಭಾಗದ ಪರವಾಗಿ ಶೌಚಾಲಯದ ನಲ್ಲಿ ಕೆಟ್ಟಿದೆ ಎಂದು ನಾನು ದೂರು ಕೊಟ್ಟಾಗ ಪ್ರಾಸವಿಲ್ಲವೆಂದು ಅದು ತಿರಸ್ಕೃತವಾಯಿತು. ‘ಸೋರುವ ನಲ್ಲಿಯೂ ನೀವೇ’ ಎಂದು ಬರೆಯಲು ನನಗೇನು ಕಷ್ಟವಿರಲಿಲ್ಲ. ನೀವು ಬಹುಶಃ ಅದನ್ನು ಪ್ರಶಂಸೆಯೆಂದೇ ಸ್ವೀಕರಿಸುತ್ತಿದ್ದಿರಿ. ನಲ್ಲಿ ಇವತ್ತಿಗೂ ಸೋರುತ್ತಿದೆ.

ಈಗ ಖಾನನ ವಿಷಯಕ್ಕೆ ಬರೋಣ. ಮಂಗಳೂರಿನ ರಸ್ತೆಗಳಲ್ಲಿ ಘೋಷಣೆ ಕೂಗಿ ಗಂಟಲು ಹದ ಮಾಡಿಕೊಂಡವಳು ನಾನು. ಸಿಂಹಾಸನದ ಮೇಲೆ ಕೂತವನು ಕವಿತೆ ಓದುತ್ತಾನೆಂದರೆ ನಾನು ಮೊದಲು ನೋಡುವುದು ಕೆಳಗೆ ಯಾರು ಕೂತಿದ್ದಾರೆ ಎಂದು. ನಿಮ್ಮ ಗೈಡ್ ಹೇಳಿರಲಿಕ್ಕಿಲ್ಲ, ಆ ಖಾನನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಖೀವಾದಲ್ಲಿ ಮನುಷ್ಯರನ್ನು ಮಾರುವ ಸಂತೆ ನಡೆಯುತ್ತಿತ್ತು. ರಷ್ಯನ್ನರ ಸೈನ್ಯ ಊರೊಳಗೆ ಬಂದ ಮೇಲೆಯೇ ಅದು ನಿಂತದ್ದು. ಒಳಗೆ ಗಝಲ್, ಹೊರಗೆ ಸರಪಳಿ. ಇದನ್ನು ನಾನು ಜಿಂಜ್‌ನ ದಂತ ಚಿಕಿತ್ಸಾಲಯದಲ್ಲಿ ನನ್ನ ಜೊತೆ ರಿಸೆಪ್ಶನ್‌ನಲ್ಲಿ ಕೂರುವ ದಿಲ್ಫೂಜಾಳಿಗೆ ಆವೇಶದಿಂದ ಹೇಳಿದೆ. ಅವಳು ಖೀವಾದ ಪಕ್ಕದ ಊರಿನವಳು. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ನನ್ನ ಜೊತೆ ಜಗಳವಾಡುತ್ತಾಳೆ.

“ನಮ್ಮ ಖಾನನನ್ನು ನನ್ನ ಮುಂದೆ ಬೈಬೇಡ ಸುಲೈಖಾ,” ಅಂದಳು. “ಸೋವಿಯತ್ ಕಾಲದಲ್ಲಿ ಬೈದು ಬೈದು ಮೂಲೆಗೆ ಹಾಕಿದ್ರು. ಈಗಷ್ಟೇ ವಾಪಸ್ ಬಂದಿದ್ದಾನೆ. ಸ್ವಲ್ಪ ದಿನ ಕೂರಲಿಕ್ಕೆ ಬಿಡು.”

“ಗುಲಾಮರ ಸಂತೆ ಇದ್ದದ್ದು ಸುಳ್ಳಾ?”

“ಸುಳ್ಳು ಅಂತ ಹೇಳಿದ್ನಾ ನಾನು? ಅಚ್ಚುಕೂಟ ತರಿಸಿದ್ದೂ ಸುಳ್ಳಲ್ಲ. ಹಾಡುಗಳ ಸ್ವರ ಬರೆಸಿ ಇಡಿಸಿದ್ದೂ ಸುಳ್ಳಲ್ಲ. ಎರಡೂ ಅವನೇ. ನಿನಗೆ ಒಂದೇ ಬೇಕು ಅಂದ್ರೆ ನಾನೆಲ್ಲಿಂದ ತರಲಿ?”

“ಸರಿ, ಅವನ ಗಝಲ್ ನಿನಗೆ ಬರ್ತದಾ?”

“ಎರಡು ಸಾಲು. ನನ್ನ ಅಕ್ಕನ ಮದುವೆಯಲ್ಲಿ ಹಾಡಿದ್ರು. ಅದು ಖಾನನದ್ದು ಅಂತ ಹೇಳಿದವರೂ ಇದ್ರು, ಅವನ ಆಸ್ಥಾನದ ಯಾರದ್ದೋ ಅಂದವರೂ ಇದ್ರು. ಯಾರದ್ದಾದ್ರೇನು? ಎಲ್ಲರೂ ಪಲಾವ್ ತಿಂತಾ ಇದ್ರು. ಚೆನ್ನಾಗಿದ್ರೆ ತಲೆ ಆಡಿಸ್ತಾರೆ, ಇಲ್ಲದಿದ್ರೆ ಇನ್ನೊಂದು ತಟ್ಟೆ ತರ್ತಾರೆ.”

ಅವಳಿಗೆ ನಿಮ್ಮ ಸುತ್ತೋಲೆಯನ್ನು ಅನುವಾದಿಸಿ ಹೇಳಿದೆ. ಹಲ್ಲುನೋವಿನ ರೋಗಿಗಳು ತಿರುಗಿ ನೋಡುವಷ್ಟು ನಕ್ಕಳು. ನಗು ನಿಂತ ಮೇಲೆ ಹೇಳಿದ್ದನ್ನು ಇಲ್ಲಿ ನಿಮಗಾಗಿ ಬರೆಯುತ್ತಿದ್ದೇನೆ: “ಪದ ಬದಲಿಸಿದ್ರೆ ಅದೆಂಥ ಜವಾಬು? ಖಾನನ ಪದವನ್ನೇ ಎತ್ತಿಕೊಂಡು ಖಾನನಿಗಿಂತ ಚೆನ್ನಾಗಿ ಬರೆಯೋದೇ ಅದರ ಮಜಾ.”

ಅಧ್ಯಕ್ಷರೇ, ನೀವು ವಿಮಾನದಲ್ಲಿ ಟೋಪಿ ತಂದಿರಿ, ಈ ಮಾತನ್ನು ಅಲ್ಲೇ ಬಿಟ್ಟು ಬಂದಿರಿ. ಖೀವಾದ ಆ ಸಂಕಲನದಲ್ಲಿ ಸುಮಾರು ಮೂವತ್ತು ಕವಿಗಳು ತಮ್ಮ ತಮ್ಮ ಹೆಸರಿನಲ್ಲಿದ್ದಾರೆ. ದೊರೆಯ ಪದ ಅವರ ಬಾಯಿಗೂ ಬಂತು. ಅವರಲ್ಲಿ ಹೊಗಳುಭಟ್ಟರಿದ್ದರು, ಇಲ್ಲವೆನ್ನುವುದಿಲ್ಲ. ಎಲ್ಲ ಆಸ್ಥಾನಗಳೂ ಹೊಗಳಿಕೆಯ ಕಾರ್ಖಾನೆಗಳೇ. ಆದರೂ ಅಲ್ಲಿ ಒಬ್ಬ ಗುಮಾಸ್ತ ದೊರೆಯ ಪಕ್ಕದಲ್ಲಿ ತನ್ನ ಸಾಲಿಟ್ಟು ತೂಗಿ ನೋಡಬಹುದಿತ್ತು. ದೊರೆ ಹೋದ, ಸಿಂಹಾಸನ ಹೋಯಿತು, ಉಳಿದದ್ದು ಮದುವೆಮನೆಯ ಹಾಡು. ಉಜ್ಬೇಕರು ಅವನಿಂದ ಇಟ್ಟುಕೊಂಡದ್ದು ಅಷ್ಟು, ಮತ್ತು ಅದು ಕಡಿಮೆಯದೇನಲ್ಲ. ನೀವು ಇಟ್ಟುಕೊಂಡದ್ದು ಟೋಪಿ ಮತ್ತು ತಾಕೀತು. ಹಕೀಂ ಸಾಹೇಬರು ಒಮ್ಮೆ ‘ನಾನೇ’ ಎಂದದ್ದಕ್ಕೆ ವ್ಯಾಕರಣವನ್ನೇ ತಿದ್ದಿಸಿದವರು ನೀವು. ಖಾನ ಇದ್ದಿದ್ದರೆ ನಿಮ್ಮನ್ನು ಆಸ್ಥಾನಕ್ಕೆ ಸೇರಿಸಿಕೊಳ್ಳುತ್ತಿದ್ದನೋ ಇಲ್ಲವೋ, ನನಗೆ ಅನುಮಾನ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಸಂಘ ಎಂದರೆ ಸಹಿಸಿಕೊಳ್ಳುವುದು ಎಂದು ಪರದೇಶದ ಬದುಕು ನಮಗೆಲ್ಲ ಕಲಿಸಿದೆ. ಹಮೀದ್ ಕಾಕನ ಮೈಕ್ ಕಿತ್ತುಕೊಂಡದ್ದನ್ನು ಮಾತ್ರ ಸಹಿಸಲಾರೆ.

ಮೊನ್ನೆ ಸಂಜೆ ಅವರು ಹಮದ್ ಟೌನಿನ ನಮ್ಮ ಮನೆಗೆ ಬಂದಿದ್ದರು. ನಾನು ಕವಿತೆ ಬರೆಯುವವಳೆಂದು ಅವರಿಗೆ ಗೊತ್ತು. ‘ನೀವೇ’ಯಲ್ಲಿ ಮುಗಿಯುವ ಐದು ದ್ವಿಪದಿ ಬರೆದು ಕೊಡಬೇಕೆಂದು ಕೇಳಿದರು. ನನ್ನ ಚಳವಳಿಯ ನೆತ್ತರು ಕುದಿಯಿತು, ಆದರೂ ಬರೆದುಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

“ಚಂದ ಉಂಟು ಮಗಳೇ. ಆದ್ರೆ ಇದ್ರಲ್ಲಿ ಮಾಫಿ ಎಲ್ಲಿ ಉಂಟು?”

“ಎಂತದ್ದು ಮಾಫಿ ಕಾಕ?”

“ಇಷ್ಟು ವರ್ಷ ಇದ್ದ ಊರನ್ನು ಬಿಟ್ಟು ಹೋಗ್ಲಿಕ್ಕುಂಟಲ್ಲ. ನಾಳೆ ಯಾರು ಎಲ್ಲಿಯೋ. ಎಲ್ಲರತ್ರ ಮಾಫಿ ಕೇಳಿಯೇ ಹೋಗ್ಬೇಕು. ಒಬ್ಬೊಬ್ಬರ ಮನೆಗೆ ಹೋಗ್ಲಿಕ್ಕೆ ಪುರುಸೊತ್ತಿಲ್ಲ, ಅದಕ್ಕೇ ಮೈಕ್ ಕೇಳಿದ್ದು. ಬೇರೆಂತ ಭಾಷಣ ನನಗೆ?”

“ನೀವು ಯಾರಿಗೆ ಎಂತ ಮಾಡಿದ್ದೀರಿ?”

“ಎಂತ ಮಾಡ್ಲಿಲ್ಲ ಹೇಳು. ಮಕ್ಕಳಿಗೆ ಬೈದಿದ್ದೇನೆ. ವ್ಯಾನಿನ ಏಸಿ ಹಾಳಾದಾಗ ‘ನಿಮ್ಮ ಉಸಿರಿಂದಲೇ ಸೆಕೆ’ ಅಂತ ಹೇಳಿದ್ದೇನೆ. ಒಬ್ಬನ್ನ ಗೇಟಿನಲ್ಲೇ ಬಿಟ್ಟು ಬಂದಿದ್ದೇನೆ, ಅವ ದಿನಾ ಲೇಟ್ ಅಂತ. ಅವನಿಗೀಗ ಮೀಸೆ ಬಂದಿದೆ, ಮುಖ ನೋಡಿದ್ರೆ ನನಗೆ ನಾಚಿಕೆ. ಮತ್ತೆ ಅಧ್ಯಕ್ಷರತ್ರ ಮುಖ್ಯವಾಗಿ ಕೇಳ್ಬೇಕು.”

“ಅವರತ್ರ ಎಂತಕ್ಕೆ?”

“ಅವರು ಕವಿತೆ ಓದುವಾಗ ಪ್ರತಿ ಸಲ ನನಗೆ ನಿದ್ದೆ ಬರ್ತದೆ. ಮುಂದಿನ ಸಾಲಲ್ಲೇ ಕೂತು ನಿದ್ದೆ ಮಾಡಿದ್ದೇನೆ. ಎಚ್ಚರ ಆದ ಕೂಡಲೇ ಚಪ್ಪಾಳೆ ತಟ್ಟಿದ್ದೇನೆ. ನಿದ್ದೆಗಿಂತ ಚಪ್ಪಾಳೆ ದೊಡ್ಡ ತಪ್ಪಲ್ವಾ? ಕೇಳದ್ದಕ್ಕೆ ಚಂದ ಅಂತ ಸಾಕ್ಷಿ ಹೇಳಿದ ಹಾಗೆ ಆಯ್ತಲ್ಲ.”

ನಾನು ಬರೆದ ದ್ವಿಪದಿಗಳನ್ನು ಮಡಚಿ ನನಗೇ ವಾಪಸ್ ಕೊಟ್ಟು ಚಹಾ ಕುಡಿದು ಹೋದರು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಒಂದೇ. ಶುಕ್ರವಾರ ಹಮೀದ್ ಕಾಕನ ಕೈಗೆ ಮೈಕ್ ಕೊಡಿ. ಪ್ರಾಸ ಬೇಡ, ‘ನೀವೇ’ ಬೇಡ, ಐದು ನಿಮಿಷ ಆರಾದರೆ ಗಂಟೆ ಬಾರಿಸಬೇಡಿ. ಕೊಡದಿದ್ದರೆ ನಾವೆಲ್ಲ ಎದ್ದು ಹೊರಗಿನ ಪಾರ್ಕಿಂಗಿನಲ್ಲಿ ಆ ಬಿಸಿಲಿನಲ್ಲೇ ಬೀಳ್ಕೊಡುಗೆ ಮಾಡುತ್ತೇವೆ. ಅಲ್ಲಿ ಮೈಕ್ ಬೇಕಾಗುವುದಿಲ್ಲ, ಶಾಲೆಯ ಗದ್ದಲದ ಮೇಲೆ ಕೂಗಿ ಕೂಗಿ ಅವರ ಗಂಟಲು ತಯಾರಾಗಿದೆ. ಆದರೆ ಆಗ ನೀವು ಒಳಗೆ ಒಬ್ಬರೇ ಇರುತ್ತೀರಿ, ಮತ್ತು ಅವರಿಗೆ ನಿಮ್ಮ ಮಾಫಿ ಸಿಗದೆ ವಿಮಾನ ಹತ್ತಬೇಕಾಗುತ್ತದೆ. ಅದು ಅವರಿಗೆ ನಿಜವಾದ ನೋವು.

ಅವರು ನಿಮ್ಮ ಕೈ ಹಿಡಿದುಕೊಂಡು ಕೇಳುವಾಗ ನೀವು ಕೊಡಬೇಕಾದ ಜವಾಬು ಬಹಳ ಚಿಕ್ಕದು. ‘ಮಾಫಿ ಮಾಡಿದ್ದೇನೆ ಕಾಕ, ನೀವೂ ನನಗೆ ಮಾಫಿ ಮಾಡಿ.’ ಅಷ್ಟೇ. ಟೋಪಿ ತೆಗೆದು ಹೇಳಿ.

ಇಂತಿ,
ಶುಕ್ರವಾರದವರೆಗಾದರೂ ನಿಮ್ಮ ಸಂಘದ ಸದಸ್ಯೆಯಾಗಿ ಉಳಿದಿರುವೆನೆಂಬ ನಂಬಿಕೆಯಲ್ಲಿರುವ
ಸುಲೈಖಾ
ಹಮದ್ ಟೌನ್, ಬಹರೈನ್