ನಾಯಿಯನ್ನು ಏಳು ದಿನದೊಳಗೆ ಹಿಂದಿರುಗಿಸತಕ್ಕದ್ದು

ನಾಯಿಮರಿ ಮಾರುವ ಕೇಂದ್ರಗಳಿಗೆ ಪರವಾನಗಿ ಕೊಡುವ ಅಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ನೋಟಿಸು ತಲುಪಿತು. 'ಪರವಾನಗಿದಾರರ ಸ್ವತ್ತಾದ ಹೆಣ್ಣುನಾಯಿಯನ್ನು ಅಕ್ರಮವಾಗಿ ವಶದಲ್ಲಿಟ್ಟುಕೊಂಡಿರುವುದು ಕಂಡುಬಂದಿದ್ದು, ಸದರಿ ನಾಯಿಯನ್ನು ಏಳು ದಿನದೊಳಗೆ ಹಿಂದಿರುಗಿಸತಕ್ಕದ್ದು.' ಕೊಡುವುದಿಲ್ಲ. ಅವಳು ಮಳವಳ್ಳಿಯ ನನ್ನ ಬಾಡಿಗೆ ಮನೆಯಲ್ಲಿ, ನನ್ನ ಮಂಚದ ಕೆಳಗೇ ಇದ್ದಾಳೆ. ನಿಮ್ಮ ಕಚೇರಿಗೆ ಉತ್ತರ ಬರೆದರೆ ಅದು ಕಡತದೊಳಗೆ ಸತ್ತುಹೋಗುತ್ತದೆಂದು ಗೊತ್ತಿರುವುದರಿಂದ ಊರೆಲ್ಲ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅವಳ ಜೊತೆಗಿದ್ದ ಐದು ನಾಯಿಗಳನ್ನು ಕೊಂದವರು ಯಾರೆಂದು ನಿಮ್ಮ ನೋಟಿಸು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಅದರಲ್ಲಿ ನಿಮ್ಮ ಪಾಲೂ ಇದೆ, ನನ್ನ ಪಾಲೂ ಇದೆ.

ನನ್ನಿಂದಲೇ ಶುರು ಮಾಡೋಣ. ನಾನು ಪೂರಿಗಾಲಿಯವನು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೋದ ವರ್ಷ ಮಗಳು ದೀಪಿಕ ನಾಯಿ ಬೇಕೆಂದಳು. ನಾಯಿಗಳ ಆಶ್ರಯ ಕೇಂದ್ರವೊಂದಕ್ಕೆ ಕರೆದುಕೊಂಡು ಹೋದೆ. ಕಂದು ಬಣ್ಣದ ಮರಿಯೊಂದು ಅವಳ ಚಪ್ಪಲಿ ಕಚ್ಚಿ ಹಿಡಿದು ಬಿಡಲೇ ಇಲ್ಲ. 'ಅಪ್ಪ, ಇದೇ ಸಾಕು' ಎಂದಳು. ಅಲ್ಲಿನವರು ಅರ್ಜಿ ಕೊಡಿ, ಮನೆ ಮಾಲೀಕರ ಒಪ್ಪಿಗೆ ಪತ್ರ ತನ್ನಿ, ಇಬ್ಬರು ಸಾಕ್ಷಿಗಳನ್ನು ಕರೆತನ್ನಿ ಎಂದರು. ನನಗೆ ಅದೊಂದು ನೆವ ಸಿಕ್ಕಿತು ಅಷ್ಟೆ. 'ಬೀದಿ ನಾಯಿ ಬ್ಯಾಡ ಕಣಮ್ಮ, ಜಾತಿ ನಾಯಿ ತರಾಣ' ಎಂದೆ. ದಿನಾ ಬೆಳಿಗ್ಗೆ ಬುದ್ಧನ ಪಟದ ಮುಂದೆ ಪ್ರಾಣಹತ್ಯೆ ಮಾಡೆನೆಂದು ಹೇಳಿಕೊಳ್ಳುವ ಮನೆ ನಮ್ಮದು. ಹುಟ್ಟಿನಿಂದ ಮೇಲುಕೀಳು ಅಳೆಯುವವರ ಕೈಲಿ ಮೂರು ತಲೆಮಾರು ಉಗಿಸಿಕೊಂಡ ಮನೆ. ಅಂಥವನ ಬಾಯಲ್ಲಿ ಆ ಮಾತು ಬಂತು. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ನಮ್ಮವ್ವ ಮುದ್ದಮ್ಮ ಬೈದಳು. 'ದುಡ್ ಕೊಟ್ಟು ನಾಯಿ ತತ್ತಾರೇನ್ಲಾ? ನಾಯಿ ತಾನಾಗೇ ಬಂದು ಬಾಗ್ಲಲ್ಲಿ ಮನಿಕ್ಕತದೆ ಕಣ್ಲಾ.' ಓದಿದವನು ಅವ್ವನ ಮಾತು ಕೇಳುತ್ತಾನೆಯೇ? ಕೊಪ್ಪದ ಕಡೆ ಬಾಗಿಲು ಹಾಕಿದ್ದ ಆಲೆಮನೆಯೊಂದನ್ನು ಚಲುವರಾಜು ಎಂಬಾತ ಹಿಡಿದು, ನಿಮ್ಮ ಪರವಾನಗಿಯನ್ನು ಗಾಜು ಹಾಕಿಸಿ ಗೋಡೆಗೆ ನೇತುಹಾಕಿಕೊಂಡಿದ್ದ. ಬೆಲ್ಲ ಬೇಯಿಸುತ್ತಿದ್ದ ಕಡೆ ಈಗ ಮರಿ ಹುಟ್ಟಿಸುತ್ತಿದ್ದ. ಫೋನಿನಲ್ಲಿ ದುಡ್ಡು ಹಾಕಿದೆ, ರಟ್ಟಿನ ಡಬ್ಬದಲ್ಲಿ ಮರಿ ಕೊಟ್ಟ. ಅರ್ಜಿಯಿಲ್ಲ, ಸಾಕ್ಷಿಯಿಲ್ಲ, ಹೆಸರು ಕೂಡ ಕೇಳಲಿಲ್ಲ. ನಮ್ಮಪ್ಪ ಕರಿಯಯ್ಯ ಬದುಕಿದ್ದಾಗ ತಾಯಿಯ ಕೆಚ್ಚಲು ಮುಟ್ಟಿ ನೋಡದೆ ಒಂದು ಕರುವನ್ನೂ ಕೊಂಡವನಲ್ಲ. ಅವನ ಮಗ, ಎರಡು ಡಿಗ್ರಿ ಓದಿದವನು, 'ಇದರ ತಾಯಿ ಎಲ್ಲಿ?' ಎಂದು ಒಂದು ಮಾತು ಕೇಳಲಿಲ್ಲ. ಆವತ್ತು ಕೇಳಿದ್ದರೆ ಇವತ್ತು ಈ ಪತ್ರವಿರುತ್ತಿರಲಿಲ್ಲ.

ನಾಲ್ಕನೇ ದಿನ ಮರಿ ರಕ್ತ ಕಾರಿತು. ಹಿಂದಿನಿಂದಲೂ ರಕ್ತವೇ. ದೀಪಿಕಳ ಸ್ಕೂಲ್ ಸ್ವೆಟರಿನೊಳಗೆ ಒದ್ದಾಡಿ ಒದ್ದಾಡಿ ಸತ್ತಿತು. ಅದೇ ಸ್ವೆಟರಿನಲ್ಲಿ ಸುತ್ತಿಕೊಂಡು ಆಲೆಮನೆಗೆ ಹೋದೆ. ಚಲುವರಾಜು ತಡೆಯುವ ಮೊದಲೇ ಒಳಗೆ ನುಗ್ಗಿದೆ. ಹಳೆಯ ಒಲೆಯ ಮೇಲೆ ಸಾಲಾಗಿ ಆರು ಕಬ್ಬಿಣದ ಗೂಡು, ತಳಕ್ಕೆ ತಂತಿಜಾಲರಿ. ಒಳಗಿನ ತಾಯಿಗಳ ಬೆರಳುಗಳು ಜಾಲರಿಯ ಕಂಡಿಯಲ್ಲಿ ಸೀಳಿ, ಕೀವು ಸುರಿಯುತ್ತಿತ್ತು. ಮೊದಲ ಗೂಡಿನಲ್ಲಿದ್ದವಳ ಎಡಗಿವಿ ಹರಿದಿತ್ತು, ಹೊಟ್ಟೆಯ ಮೇಲೆ ಮರಿ ತೆಗೆಯಲು ಕೊಯ್ದು ಮೂರು ಕಡೆ ಹಾಕಿದ ಹೊಲಿಗೆ. ನನ್ನ ಕೈಲಿದ್ದ ಸ್ವೆಟರಿನ ಗಂಟಿನ ವಾಸನೆ ಹಿಡಿದು ಅವಳು ಕುಂಯ್ ಎಂದಳು. ಸದ್ದು ಮಾಡಿದ್ದಕ್ಕೆ ಚಲುವರಾಜು ಪೈಪಿನ ತುಂಡಿನಿಂದ ಕಂಡಿಯೊಳಗೇ ಅವಳ ಮೂತಿಗೆ ತಿವಿದ. 'ಇವ್ಳ ಮರಿನೇ ಕಣ್ ಸಾ ಅದು. ಬೇಜಾರ್ ಮಾಡ್ಕಬ್ಯಾಡಿ, ಮುಂದಿನ್ ಸೂಲ್ನಲ್ಲಿ ಬದ್ಲಿ ಕೊಡ್ತೀನಿ ಬುಡಿ' ಎಂದ. ನಾನು ಅವನ ಮುಖಕ್ಕೆ ಗುದ್ದಿದೆ. ಹಲ್ಲು ಮುರಿಯಿತು. ಇದು ನಿಮ್ಮ ನೋಟಿಸಿನಲ್ಲಿಲ್ಲ, ಬೇಕಾದರೆ ಸೇರಿಸಿಕೊಳ್ಳಿ.

ಆಮೇಲೆ ಸಭ್ಯ ನಾಗರಿಕನ ಹಾಗೆ ನಿಮಗೆ ದೂರು ಕೊಟ್ಟೆ. ನೀವೇನು ಮಾಡಿದಿರಿ? ಇಂಥ ದಿನ, ಇಷ್ಟು ಗಂಟೆಗೆ ತಪಾಸಣೆಗೆ ಬರುತ್ತೇವೆಂದು ಚಲುವರಾಜುವಿಗೆ ಎಂಟು ದಿನ ಮೊದಲೇ ಪತ್ರ ಬರೆದಿರಿ. ಕಳ್ಳನ ಮನೆಗೆ ಹೋಗುವ ಮುಂಚೆ ಕಾಫಿಗೆ ಹಾಲು ತರಿಸಿಟ್ಟಿರಪ್ಪ ಎಂದು ಹೇಳಿ ಕಳಿಸುವ ಪೊಲೀಸರನ್ನು ಎಲ್ಲಾದರೂ ಕಂಡಿದ್ದೀರಾ?

ನಿಮ್ಮ ತಪಾಸಣೆಯ ಹಿಂದಿನ ದಿನ, ಸಂಜೆ ನಾಲ್ಕಕ್ಕೆ, ಚಲುವರಾಜುವಿನ ಕಡೆಯವರು ಆರು ತಾಯಿಗಳನ್ನೂ ಗೂಡ್ಸ್ ಆಟೋದಲ್ಲಿ ತಂದು ಆಚೆ ಊರಿನ ಕಬ್ಬಿನ ಗದ್ದೆಯ ಪಕ್ಕದ ರಸ್ತೆಗೆ ಎಸೆದರು. ಹುಟ್ಟಿದಂದಿನಿಂದ ಮಣ್ಣು ಮೆಟ್ಟದ ನಾಯಿಗಳು ಅವು. ನಡೆಯಲು ಬರುತ್ತಿರಲಿಲ್ಲ. ವಾಲಾಡಿದವು, ಬಿದ್ದವು, ಎದ್ದವು, ಬಾಯಾರಿಕೆಗೆ ಜೊಲ್ಲು ಸುರಿಸಿದವು. ಅದು ಶಾಲೆ ಬಿಡುವ ಹೊತ್ತು. ಆ ಊರಲ್ಲಿರುವ ನನ್ನ ಹೆಂಡತಿಯ ತಮ್ಮ ಶಿವರಾಮು ಡೈರಿಗೆ ಹಾಲು ಹಾಕಲು ಬಂದಿದ್ದ. ಅವನೂ ಇನ್ನೂ ಹತ್ತು ಜನರೂ ದೊಣ್ಣೆ, ಗುದ್ದಲಿ, ಕಬ್ಬು ಕಡಿಯುವ ಮಚ್ಚು ಹಿಡಿದು, ಹುಚ್ಚು ನಾಯಿಗಳೆಂದು ಮೇಲೆ ಬಿದ್ದರು. ನಾಯಿಗಳಿಗೆ ಓಡಲೂ ಬರಲಿಲ್ಲ. ಒಂದಂತೂ ಬಾಲ ಆಡಿಸಿಕೊಂಡು ದೊಣ್ಣೆಯ ಹತ್ತಿರಕ್ಕೇ ಬಂತಂತೆ.

ಶಿವರಾಮು ಫೋನ್ ಮಾಡಿದ. 'ಭಾವ, ಉಚ್ಚು ನಾಯಿಗೋಳು. ಐದ್ನ ಒಡ್ದಾಕುದ್ದೀವಿ. ಒಂದು ಮೋರಿಯೊಳ್ಗೆ ಸೇರ್ಕಬುಟ್ಟದೆ. ನೀವು ಮೇಷ್ಟ್ರಲ್ವಾ, ಉಚ್ಚು ಔದಾ ಅಲ್ವಾ ಅಂತ ಒಸಿ ಬಂದು ನೋಡಿ.' ಹೋದೆ. ರಸ್ತೆಯ ಮೇಲೆ ಮಿದುಳು ಚೆಲ್ಲಿತ್ತು. ಮೋರಿಯಿಂದ ಎಳೆದಾಗ ಹರಿದ ಕಿವಿ ಕಂಡಿತು. ಸತ್ತ ನಾಯಿಯೊಂದರ ಕಾಲೆತ್ತಿ, ಜಾಲರಿಗೆ ಸೀಳಿದ್ದ ಪಾದವನ್ನು ಶಿವರಾಮುಗೆ ತೋರಿಸಿ, ಇವು ಗೂಡು ಬಿಟ್ಟು ನಡೆದವೇ ಅಲ್ಲ ಎಂದೆ. ಅವನು ದೊಣ್ಣೆ ಬಿಸಾಕಿ ಅಲ್ಲೇ ಕೂತ. 'ಯೋಳ್ಬಾರ್ದಿತ್ತಾ ಭಾವ ಯಾರಾರ, ಅವ್ಕೆ ನಡ್ಯಾಕೆ ಬರಕಿಲ್ಲ ಅಂತವ' ಎಂದು ಅತ್ತ. ಹೇಳಬೇಕಾದವರು ಯಾರಿದ್ದರು ಮಾನ್ಯರೇ? ಆ ಜನ ಮಕ್ಕಳನ್ನು ಕಾಪಾಡಿದೆವೆಂದುಕೊಂಡರು. ಅವರ ಕೈಗೆ ದೊಣ್ಣೆ ಕೊಟ್ಟಿದ್ದು ನಿಮ್ಮ ಎಂಟು ದಿನ ಮೊದಲಿನ ಪತ್ರ.

ಮಾರನೇ ದಿನ ನೀವು ಬಂದು, 'ಗೂಡುಗಳು ಖಾಲಿ, ಸ್ವಚ್ಛತೆ ತೃಪ್ತಿಕರ' ಎಂದು ಬರೆದು ಹೋದಿರಿ. ಮೋರಿಯಿಂದ ತಂದವಳನ್ನು ಆ ಆಶ್ರಯ ಕೇಂದ್ರಕ್ಕೆ ಸೇರಿಸಲು ಹೋದರೆ ಜಾಗವಿಲ್ಲವೆಂದರು. ದೀಪಿಕಳ ಚಪ್ಪಲಿ ಹಿಡಿದಿದ್ದ ಕಂದು ಮರಿ ಏನಾಯಿತೆಂದು ಕೇಳಿದೆ. ಕಿಕ್ಕಿರಿದ ಕೋಣೆಯಲ್ಲಿ ಅನ್ನದ ತಟ್ಟೆಗೆ ಕಚ್ಚಾಟವಾಗಿ, ದೊಡ್ಡ ನಾಯಿಗಳು ಅದರ ಕುತ್ತಿಗೆ ಹರಿದವಂತೆ. ಅದರ ಜಾಗ ನನ್ನ ಮನೆಯಲ್ಲಿತ್ತು. ನಾನು ಆ ಜಾಗವನ್ನು ಆಲೆಮನೆಯ ಡಬ್ಬಕ್ಕೆ ಕೊಟ್ಟಿದ್ದೆ. ಅಳು ಬರಲಿಲ್ಲ, ಯಾರನ್ನಾದರೂ ಹೊಡೆಯಬೇಕೆನಿಸಿತು. ಅಲ್ಲಿ ಹೊಡೆಸಿಕೊಳ್ಳಬೇಕಾದವನು ನಾನೇ ಇದ್ದೆ.

ಅವಳನ್ನು ಪಶುವೈದ್ಯರಿಗೆ ತೋರಿಸಿದೆ, ದಿನಗಟ್ಟಲೆ ಕಟ್ಟಿಹಾಕಿ ಕಾದೆ. ಹುಚ್ಚಿಲ್ಲ, ಏನೂ ಇಲ್ಲ. ರಸ್ತೆಗೆ ಎಸೆದವನಿಗೆ ಈಗ ಅವಳು 'ಸ್ವತ್ತು' ಆಗಿದ್ದಾಳೆ. ಯಾಕೆಂದು ನಿಮಗೆ ನಿಜವಾಗಿಯೂ ಗೊತ್ತಿಲ್ಲವೇ? ಅವಳ ಹೊಟ್ಟೆಯ ಹೊಲಿಗೆಗಳು ಸಾಕ್ಷಿ. ಅವಳು ಹಿಂದಿರುಗಿದ ದಿನವೇ ಆ ಸಾಕ್ಷಿ ಗುಂಡಿ ಸೇರುತ್ತದೆ.

ಮರಿ ಮಾರುವವರೆಲ್ಲ ಕಟುಕರೆಂದು ನಾನು ಹೇಳುತ್ತಿಲ್ಲ. ಕಟುಕನಲ್ಲದವನು ತಾಯಿಯನ್ನು ತೋರಿಸಲಿ. ಕೊಳ್ಳುವವನ ಕಣ್ಣಿಗೆ ತಾಯಿಯನ್ನು ತೋರಿಸದೆ ಒಂದು ಮರಿಯನ್ನೂ ಮಾರಕೂಡದೆಂದು ಆದೇಶ ಹೊರಡಿಸಿ. ಹೇಳದೆ ಕೇಳದೆ ಆಲೆಮನೆಗೆ ನುಗ್ಗಿ, ಅವನ ಪರವಾನಗಿ ರದ್ದು ಮಾಡಿ. ಅದಾಗದಿದ್ದರೆ ಏಳು ದಿನ ಮುಗಿಯುವ ಸೋಮವಾರ ನೀವೇ ನಾಯಿ ಹಿಡಿಯಲು ಬನ್ನಿ. ಶಿವರಾಮು ಬಿಸಾಕಿದ ದೊಣ್ಣೆ ನನ್ನ ಬಾಗಿಲ ಮೂಲೆಯಲ್ಲಿದೆ. ಬುದ್ಧನ ಪಟದ ಮುಂದೆ ಹೇಳಿದ ಮಾತು ಆವತ್ತು ನನಗೆ ನೆನಪಿರುತ್ತದೆಂದು ಭರವಸೆ ಕೊಡಲಾರೆ.

ಕೇಸು ಹಾಕುವುದಾದರೆ ಧಾರಾಳವಾಗಿ ಹಾಕಿ. ಆದರೆ ಮೋರಿಯಿಂದ ಎಳೆದು ತಂದದ್ದಕ್ಕಲ್ಲ, ತಾಯಿಯನ್ನು ನೋಡದೆ ಮರಿ ಕೊಂಡದ್ದಕ್ಕೆ ಹಾಕಿ. ಆ ಅಪರಾಧವನ್ನು ಒಪ್ಪಿಕೊಂಡು ಸಹಿ ಹಾಕುತ್ತಿದ್ದೇನೆ.

ಇಂತಿ,
ದುಡ್ಡು ಕೊಟ್ಟು ಕೊಲ್ಲಿಸಿದಾಗ ಗೌರವಸ್ಥ ಗಿರಾಕಿ, ಎತ್ತಿ ತಂದು ಸಾಕಿದಾಗ ನಾಯಿಕಳ್ಳ,
ರಾಜೇಂದ್ರ, ವಿಜ್ಞಾನದ ಮೇಷ್ಟ್ರು